ಯಾರೂ ಎದುರಾಗದ ಗರಸು ದಾರಿ

ನಾನು ಸೈಕಲ್ ಕಲಿತದ್ದು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ. ಕಲಿತೆ ಅನ್ನುವುದೂ ಅರ್ಧ ಸತ್ಯವೇ. ಹತ್ತುವುದು ಬರುತ್ತಿತ್ತು, ಹೊಡೆಯುವುದು ಬರುತ್ತಿತ್ತು, ಇಳಿಯುವುದು ಮಾತ್ರ ಬರುತ್ತಿರಲಿಲ್ಲ. ಇಳಿಯಬೇಕಾದಾಗ ಶಾಲೆಯ ಬಯಲಿನ ಅಂಚಿಗಿದ್ದ ಹುಲ್ಲಿನ ಬಣವೆಯ ಕಡೆಗೆ ಹ್ಯಾಂಡಲ್ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಮ್ಮೂರಲ್ಲಿ ಇದು ನಾಚಿಕೆಯ ಮಾತು. ಇಲ್ಲಿ ಹಾಲುಹಲ್ಲು ಬೀಳುವ ಮೊದಲೇ ಮಕ್ಕಳು ಸೈಕಲ್ ಹೊಡೆಯುತ್ತವೆ. ಎಪ್ಪತ್ತು ದಾಟಿದ ಮುದುಕಿಯರು ಸೀರೆಗೆ ಕಚ್ಚೆ ಹಾಕಿ, ಕಾಡು ದಾಟಿ ಹೋಗಿ, ಮೊಮ್ಮಕ್ಕಳ ಕೆನ್ನೆ ಹಿಂಡಿ ಬರುತ್ತಾರೆ. ನಾನೊಬ್ಬಳು ಹುಟ್ಟಿದಲ್ಲೇ ಬೆಳೆದು, ಬೆಳೆದಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನೂ ಕಳೆದುಕೊಂಡು, ಕಾಡಿನ ಬಾಯಿಯ ಹತ್ತಿರ ರೊಟ್ಟಿ ಬಡಿಯುತ್ತ ಕೂತವಳು. ದಾಟಿ ಹೋಗುವವರ ಬುತ್ತಿ ಕಟ್ಟುವುದು ನನ್ನ ಕೆಲಸ. ಆ ದಾರಿಯಲ್ಲಿ ಹೋದ ನನ್ನ ರೊಟ್ಟಿಗಳಿಗೆ ಲೆಕ್ಕವಿಲ್ಲ, ನಾನು ಮಾತ್ರ ಹೋಗಿರಲಿಲ್ಲ.

ನಮ್ಮೂರಿಗೂ ಆಚೆ ದಂಡೆಯ ಊರಿಗೂ ನಡುವೆ ಇಪ್ಪತ್ತೆಂಟು ಕಿಲೋಮೀಟರ್ ಕಾಡು. ಕಾಡಿನೊಳಗೆ ಗರಸಿನ ದಾರಿ. ವರ್ಷಕ್ಕೊಮ್ಮೆ ಯುಗಾದಿಗೆ ಮೊದಲು ಮನೆಗೊಂದು ಬುಟ್ಟಿಯಂತೆ ಸಣ್ಣ ಕಲ್ಲು ಬೆರೆತ ಕೆಂಪು ಗರಸು ತಂದು ಕಾಡಿನ ಬಾಯಿಯಲ್ಲಿ ಸುರಿಯುತ್ತೇವೆ. ಒಳಗೆ ಹಾಸಿದವರು ಯಾರೂ ಇಲ್ಲ, ಆದರೂ ಒಳಗಿನ ದಾರಿ ಸದಾ ನಿನ್ನೆ ಹಾಸಿ ಇವತ್ತು ದಮ್ಮಸ್ ಮಾಡಿದಂತೆ ಇರುತ್ತದೆಯಂತೆ. ಮೋಟಾರುಗಳಿಗೆ ಅದು ದಾರಿ ಕೊಡುವುದಿಲ್ಲ. ಒಮ್ಮೆ ಹೊರಗಿನವರ ಲಾರಿಯೊಂದು ಒಳಹೊಕ್ಕು, ಅರ್ಧ ಗಂಟೆಯಲ್ಲಿ ಅದೇ ಬಾಯಿಯಿಂದ ಮೂತಿ ಮುಂದೆ ಮಾಡಿಕೊಂಡು ಹೊರಗೆ ಬಂತು. ತಾನು ಎಲ್ಲೂ ತಿರುಗಿಸಲೇ ಇಲ್ಲವೆಂದು ಡ್ರೈವರ್ ದೇವರ ಮೇಲೆ ಆಣೆ ಮಾಡಿದ. ನಾವು ಅವನಿಗೆ ಚಹಾ ಕೊಟ್ಟು ಕಳಿಸಿದೆವು. ನಡೆದು ಹೋದವರದೂ ಅದೇ ಗತಿ, ಸಂಜೆಯೊಳಗೆ ಹೊಕ್ಕ ಬಾಯಿಗೇ ಬಂದು ನಿಲ್ಲುತ್ತಾರೆ. ದಾಟಬೇಕೆಂದರೆ ಎರಡು ಗಾಲಿ ಬೇಕು, ಗಾಲಿಯ ಮೇಲೆ ಒಬ್ಬರೇ ಇರಬೇಕು. ಹಲ್ಲು ಬರದ ಕೂಸನ್ನು ಎದೆಗೆ ಕಟ್ಟಿಕೊಂಡರೆ ಅದು ಲೆಕ್ಕಕ್ಕಿಲ್ಲ.

ಹಾಗೆ ದಾಟುವವರಿಗೆ ದಾರಿಯಲ್ಲಿ ಯಾರೂ ಸಿಗುವುದಿಲ್ಲ. ಹಬ್ಬದ ದಿನ ಇನ್ನೂರು ಮಂದಿ ಹೊರಟರೂ ಅಷ್ಟೇ. ಮೊದಲನೇ ತಿರುವಿನ ತನಕ ಒಬ್ಬರ ಬೆನ್ನು ಒಬ್ಬರಿಗೆ ಕಾಣುತ್ತದೆ. ತಿರುವು ದಾಟಿದ ಮೇಲೆ ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ಎದುರಿನಿಂದ ಬರುವವರೂ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಾಡು, ಒಂದೊಂದು ದಾರಿ. ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ನಮ್ಮ ಸೈಕಲ್ಲುಗಳಿಗೆ ಗಂಟೆಯಿಲ್ಲ, ಯಾರಿಗೆ ಬಾರಿಸಬೇಕು? ಮದುವೆಯ ದಿಬ್ಬಣ ಒಂದು ಬಾಯಿಯಲ್ಲಿ ಒಟ್ಟಿಗೆ ಹೊಕ್ಕು ಇನ್ನೊಂದು ಬಾಯಿಯಲ್ಲಿ ಒಬ್ಬೊಬ್ಬರಾಗಿ ಉದುರುತ್ತದೆ. ಅದಕ್ಕೇ ಆಚೆ ದಂಡೆಯ ಸ್ವಾಮಿಗಳು ಮುಹೂರ್ತ ಇಡುವಾಗ ಮದುಮಗಳು ಸೈಕಲ್ ಎಷ್ಟು ಜೋರು ಹೊಡೀತಾಳೆ ಎಂದು ಮೊದಲು ಕೇಳುತ್ತಾರೆ. ಗಂಡ ಹೆಂಡತಿ ಜಗಳಾಡಿದರೆ ಹಿರಿಯರು ಇಬ್ಬರನ್ನೂ ಒಟ್ಟಿಗೆ ಆಚೆ ದಂಡೆಗೆ ಕಳಿಸುತ್ತಾರೆ. ಎರಡು ತಾಸು ಒಬ್ಬರೇ ಪೆಡಲ್ ತುಳಿದು ಹೊರಗೆ ಬಂದಾಗ, ಎದುರಿಗಿರುವ ಮುಖ ಯಾರದ್ದಾದರೂ ಚೆಂದವೇ ಕಾಣುತ್ತದೆ.

ಆದರೆ ಬಿದ್ದವರ ಕಥೆ ಬೇರೆ. ಒಳಗೆ ಬಿದ್ದವರನ್ನು ಎತ್ತುವವರು ಯಾರೂ ಇಲ್ಲ. ಮೂರು ಸೂರ್ಯ ಮುಳುಗುವ ತನಕ ಕಾಯುತ್ತೇವೆ. ಆಮೇಲೆ ಕಾಡಿನ ಬಾಯಿಯ ಎಡಕ್ಕೆ ಒಂದು ಕಲ್ಲು ನೆಡುತ್ತೇವೆ. ಅಲ್ಲಿ ಹನ್ನೊಂದು ಕಲ್ಲುಗಳಿವೆ. ಏಳನೆಯದು ನನ್ನ ಅಪ್ಪನದು. ಅವನು ಸೈಕಲ್ಲಿಗೆ ಬೆಲ್ಲದ ಪೆಂಟೆ ಕಟ್ಟಿಕೊಂಡು ಹೋದಾಗ ನನಗೆ ಎಂಟು ವರ್ಷ. ಅಂದಿನಿಂದ ಅವ್ವ ನನ್ನನ್ನು ಸೈಕಲ್ ಮುಟ್ಟಗೊಡಲಿಲ್ಲ, ಅವ್ವ ಹೋದ ಮೇಲೆ ನಾನೇ ಮುಟ್ಟಲಿಲ್ಲ.

ಮುಟ್ಟಿಸಿದವಳು ಕಾಶವ್ವ. ನನ್ನ ಗಂಡನ ತಂಗಿ, ನನಗಿಂತ ಆರು ವರ್ಷ ಸಣ್ಣವಳು. ಮದುವೆಯಾದ ಮನೆ ಹಿಡಿಸದೆ ಎರಡನೇ ತಿಂಗಳಿಗೇ ಕಾಡು ದಾಟಿಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ವಾರಕ್ಕೆರಡು ಸಲ ಆಚೆ ದಂಡೆಯ ದವಾಖಾನೆಯಿಂದ ನಮ್ಮೂರಿಗೆ ಔಷಧಿಯ ಪೆಟ್ಟಿಗೆ ತರುವುದು ಅವಳ ನೌಕರಿ. ಇಪ್ಪತ್ತೆರಡು ವರ್ಷ ತಂದಿದ್ದಾಳೆ. ನಮ್ಮೂರ ಮಕ್ಕಳ ತೋಳಿನ ಮೇಲಿನ ಸೂಜಿಯ ಕಲೆಗಳೆಲ್ಲ ಅವಳ ಕಾಲಿನ ಪುಣ್ಯ. ಮನೆಯಲ್ಲಿ ನಾವಿಬ್ಬರೇ. ಸಾರಿಗೆ ಹುಳಿ ಹೆಚ್ಚಾಯಿತೆಂದು ಜಗಳ, ಕಡಿಮೆಯಾಯಿತೆಂದು ಜಗಳ. ಹಾಗೆ ಜಗಳಾಡುತ್ತಲೇ ಒಂದು ದಿನ ನನ್ನನ್ನು ಶಾಲೆಯ ಬಯಲಿಗೆ ಎಳೆದುಕೊಂಡು ಹೋದಳು. ನಾಲ್ಕು ತಿಂಗಳು ನನ್ನ ಸೀಟು ಹಿಡಿದು ಹಿಂದೆ ಓಡಿದಳು. ಒಂದು ಮುಂಜಾನೆ ಹಿಂದೆ ತಿರುಗಿದರೆ ಅವಳು ಬಯಲಿನ ಆ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ಬಿಟ್ಟಿದ್ದಳೋ.

ಮಾಘ ಮಾಸದ ಒಂದು ಸೋಮವಾರ ಬುತ್ತಿ ಕಟ್ಟುತ್ತಿದ್ದಾಗ ಅವಳು ಅಂದಳು, "ವೈನಿ, ಇವತ್ತ ನನ್ನ ಕೂಡ ಬಾ. ಆಚೀ ದಂಡಿ ತನಕ ಬ್ಯಾಡ, ಮೊದಲನೇ ತಿರುವಿನ ತನಕರೆ ಬಾ."

"ರೊಟ್ಟಿ ಯಾರು ಬಡೀತಾರ?"

"ರೊಟ್ಟಿ ನೆವ. ನಿಮ್ಮಪ್ಪ ಹ್ವಾದ ಅಂತ ನೀ ಕುಂತಿ. ನಲವತ್ತನಾಕು ವರ್ಷ ಕುಂತಿ. ಅವನರೆ ಎಲ್ಲೋ ಬಿದ್ದಾನ, ನೀ ಬೀಳದನ ಬಿದ್ದೀಯಲ್ಲ."

ಮಾತು ಎದೆಗೇ ನಾಟಿತು. ಬುತ್ತಿಯನ್ನು ಅವಳ ಕ್ಯಾರಿಯರಿನ ಮೇಲೆ ಕುಕ್ಕಿ, "ಹೋಗು, ಹೋದಾಕಿ ಅಲ್ಲೇ ಇರು" ಅಂದೆ. ಅವಳು ನಕ್ಕು ಹೋದಳು. ಮೊದಲನೇ ತಿರುವಿನಲ್ಲಿ ಅವಳ ಹಸಿರು ಸೀರೆ ಕಾಣಿಸಿ ಮರೆಯಾಯಿತು.

ಅಂದು ಸಂಜೆ ಟಪಾಲಿನ ದ್ಯಾಮಣ್ಣ ಆಚೆ ದಂಡೆಯಿಂದ ಬಂದವನು, ಸೈಕಲ್ಲಿನಿಂದ ಇಳಿಯುವ ಮೊದಲೇ ಕೇಳಿದ, "ತಂಗೆವ್ವಾ, ಕಾಶಕ್ಕ ಇವತ್ತ ಯಾಕ ಬರಲಿಲ್ಲ? ದವಾಖಾನಿಯವರು ಪೆಟ್ಟಿಗಿ ಕಟ್ಟಿಟ್ಟು ಕಾಯಾಕತ್ತಿದ್ರು."

ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

ಮರುದಿನ ಐದು ಮಂದಿ ಹುಡುಕಲು ಹೋದರು. ಹುಡುಕಲು ಹೋಗುವುದು ನಮ್ಮಲ್ಲಿ ಒಂದು ಪದ್ಧತಿ, ಸತ್ತವರ ಮನೆಗೆ ಹೋಗಿ ಕೂತು ಬಂದ ಹಾಗೆ. ಐವರೂ ತಮ್ಮ ತಮ್ಮ ಕಾಡಿನಲ್ಲಿ ಹೋಗಿ, ಆಚೆ ದಂಡೆಯಲ್ಲಿ ನೀರು ಕುಡಿದು, ತಿರುಗಿ ಬಂದರು. ಯಾರೂ ನನ್ನ ಮುಖ ನೋಡಲಿಲ್ಲ. ದ್ಯಾಮಣ್ಣ ಮಾತ್ರ ಹತ್ತಿರ ಬಂದು, "ದಾರಿ ಸ್ವಚ್ಛ ಐತಿ ತಂಗೆವ್ವಾ. ಒಂದು ಎಲಿ ಸುದ್ದಾ ಅಳ್ಳಾಡಿಲ್ಲ" ಅಂದ. ಸಮಾಧಾನಕ್ಕೆಂದೇ ಅಂದದ್ದು. ಅದರಂಥ ಕೆಟ್ಟ ಮಾತನ್ನು ನಾನು ಬೇರೆ ಕೇಳಿಲ್ಲ.

ಮೂರನೇ ಮುಂಜಾನೆ ಕಾಡಿನ ಬಾಯಿಗೆ ಹೋದರೆ ಫಕ್ಕೀರಜ್ಜ ಕಲ್ಲನ್ನು ಆಗಲೇ ಉರುಳಿಸಿಕೊಂಡು ಬಂದು ಹಾರೆ ಹುಡುಕುತ್ತಿದ್ದ. ಕಲ್ಲು ನೆಡುವುದು ಅವನ ಮನೆತನದ ಕೆಲಸ. ಸೂರ್ಯ ಮುಳುಗುವ ಹೊತ್ತಿಗೆ ನೆಡಬೇಕಾದ ಕಲ್ಲಿಗೆ ಮುಂಜಾನೆಯೇ ಕುಣಿ ತೋಡಿಡುತ್ತಾನೆ. ಅವನ ತಪ್ಪೇನಿಲ್ಲ, ಆ ನೆಲ ಗಟ್ಟಿ. ಆದರೆ ಆ ಕಲ್ಲು ನೋಡಿದಾಗ ನನಗೆ ಒಂದೇ ಅನ್ನಿಸಿತು: ಇದನ್ನು ನೆಡುವಾಗ ನಾನು ಇಲ್ಲಿ ಇರಬಾರದು. ಕಾಶವ್ವ ಸಿಗುತ್ತಾಳೆಂದು ನಾನು ಹೊರಡಲಿಲ್ಲ. ಆ ದಾರಿಯಲ್ಲಿ ಯಾರೂ ಯಾರಿಗೂ ಸಿಗುವುದಿಲ್ಲ ಎಂಬುದು ನನಗೆ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೂತಿರಲು ಆಗಲಿಲ್ಲ, ಅಷ್ಟೇ. ಮನೆಗೆ ಹೋಗಿ ಕಲಿಯುವ ಸೈಕಲ್ ತಂದೆ, ಒಂದು ಬಾಟಲಿ ನೀರು ಕಟ್ಟಿದೆ, ಕಚ್ಚೆ ಹಾಕಿದೆ.

ಫಕ್ಕೀರಜ್ಜ ಹಾರೆ ಕೆಳಗಿಟ್ಟ. "ಯವ್ವಾ, ನಿನಗ ಇಳಿಯಾಕ ಬರೂದಿಲ್ಲ."

"ಬರೂದಿಲ್ಲ ಯಜ್ಜಾ. ಈಗ ಹತ್ತಾಕ ಸ್ವಲ್ಪ ಹಿಡಿ."

ಮುದುಕ ಬಂದು ಸೀಟು ಹಿಡಿದ. ನಾನು ಪೆಡಲ್ ತುಳಿದೆ.

ಮೊದಲನೇ ತಿರುವು ದಾಟಿದ್ದೇ ಊರಿನ ಸದ್ದು ನಿಂತಿತು. ಕಡಿಮೆಯಾಗುತ್ತ ಹೋಗಲಿಲ್ಲ, ಯಾರೋ ಬಾಗಿಲು ಎಳೆದುಕೊಂಡ ಹಾಗೆ ಒಮ್ಮೆಲೆ ನಿಂತಿತು. ಉಳಿದದ್ದು ಗಾಲಿಯ ಕೆಳಗಿನ ಗರಸಿನ ಸದ್ದು ಮಾತ್ರ, ಹಂಚಿನ ಮೇಲೆ ಜೋಳ ಅರಳುವಾಗಿನ ಸಣ್ಣ ಚಟಪಟ. ಅದು ನನಗೆ ಗೊತ್ತಿರುವ ಸದ್ದು. ಅದೊಂದನ್ನೇ ಕೇಳುತ್ತ ಹೋದೆ. ಕತ್ತೆತ್ತಲು ಧೈರ್ಯವಿರಲಿಲ್ಲ, ಎತ್ತಿದ ಮೇಲೆ ಇಳಿಸಲಾಗಲಿಲ್ಲ.

ಏನೆಂದು ಹೇಳಲಿ? ನಲವತ್ತನಾಲ್ಕು ವರ್ಷ ನಾನು ಆ ಕಾಡನ್ನು ಒಂದು ಬಾಯಿ ಎಂದು ತಿಳಿದಿದ್ದೆ, ನುಂಗುವ ಬಾಯಿ. ಒಳಗೆ ನೋಡಿದರೆ ಅದಕ್ಕೆ ಮೇಲೆ ಸೂರೇ ಇರಲಿಲ್ಲ. ಸಾಗವಾನಿ ಮರಗಳು ಎಲೆ ಉದುರಿಸಿ ನಿಂತಿದ್ದವು, ಒಂದೊಂದು ಎಲೆಯೂ ನನ್ನ ರೊಟ್ಟಿಯಷ್ಟು ಅಗಲ. ಮತ್ತಿ ಮರಗಳ ಮೈ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಸೀಳಿತ್ತು. ನಡುವೆ ಬೆಳಕು ಕೋಲು ಕೋಲಾಗಿ ಇಳಿದು ಗರಸಿನ ಮೇಲೆ ಬಿದ್ದಿತ್ತು. ಒಂದು ಬೆಳಕಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ಮೇಲಿನ ಕೂದಲು ಬೆಚ್ಚಗಾಗಿ ತಣ್ಣಗಾಗುತ್ತಿದ್ದವು. ಒಂದು ಕಡೆ ಹಸಿ ನೆಲದ ಮೇಲೆ ಹಳದಿ ಹೂ ಹಾಸಿದ ಹಾಗಿತ್ತು. ಗಾಲಿ ಹತ್ತಿರ ಬಂದಾಗ ಆ ಹೂಗಳೆಲ್ಲ ಎದ್ದು ಹಾರಿದವು. ಸಾವಿರ ಪಾತರಗಿತ್ತಿ. ಮುಖಕ್ಕೆ, ಕತ್ತಿಗೆ, ಕೈಗೆ ತಾಗಿ ಹೋದವು, ತೂಕವೇ ಇಲ್ಲದ ಕೈಗಳು ಮುಟ್ಟಿದ ಹಾಗೆ. ನಮ್ಮ ಮಂದಿ ಇದನ್ನೆಲ್ಲ ದಿನಾ ನೋಡಿ ಬಂದು, ನನ್ನ ಮುಂದೆ ಕೂತು, ಚಟ್ನಿ ಖಾರವಾಯಿತು ಅನ್ನುತ್ತಿದ್ದರಲ್ಲ ಎಂದು ಸಿಟ್ಟು ಬಂತು. ಒಬ್ಬರೂ ಹೇಳಿರಲಿಲ್ಲ. ಒಬ್ಬರೇ ನೋಡಿದ್ದನ್ನು ಯಾರ ಮುಂದೆ ಹೇಗೆ ಹೇಳುವುದೆಂದು ಬಿಟ್ಟಿರಬೇಕು.

ಹತ್ತನೇ ಕಿಲೋಮೀಟರಿನ ಕಲ್ಲು ದಾಟಿದ ಮೇಲೆ ಒಂದು ಇಳಿಜಾರು. ಅದರ ಬುಡದಲ್ಲಿ, ದಾರಿಗೆ ಅಡ್ಡವಾಗಿ, ಕಾಡುಕೋಣಗಳು ನಿಂತಿದ್ದವು. ಏಳೋ ಎಂಟೋ. ಮೈ ಕಪ್ಪು, ಕಾಲಿಗೆ ಬಿಳಿ ಕಾಲುಚೀಲ ಹಾಕಿಕೊಂಡ ಹಾಗೆ. ನಿಲ್ಲಲು ಬಂದಿದ್ದರೆ ನಿಲ್ಲುತ್ತಿದ್ದೆ. ನನಗೆ ಬರುತ್ತಿದ್ದದ್ದು ಮುಂದೆ ಹೋಗುವುದೊಂದೇ. ಸೈಕಲ್ ತನ್ನ ಪಾಡಿಗೆ ಇಳಿಯುತ್ತಿತ್ತು. ಕಣ್ಣು ಮುಚ್ಚೋಣವೆಂದರೆ ಇಲ್ಲಿ ಬಣವೆಯಿಲ್ಲ. ಆಗ ನಾನು ಬಾಯಿ ತೆರೆದೆ.

"ಸರೀರೆಪ್ಪಾ! ಸರೀರಿ! ನನಗ ಇಳಿಯಾಕ ಬರೂದಿಲ್ಲ!"

ಎಲ್ಲಕ್ಕಿಂತ ದೊಡ್ಡ ಕೋಣ ತಲೆಯೆತ್ತಿ ನನ್ನನ್ನು ನೋಡಿತು. ಆಮೇಲೆ ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಡುವ ದೊಡ್ಡ ಮನುಷ್ಯನ ಹಾಗೆ ಎರಡು ಹೆಜ್ಜೆ ಹಿಂದೆ ಸರಿಯಿತು. ಉಳಿದವೂ ಸರಿದವು. ಅವುಗಳ ನಡುವೆ ಹಾದು ಹೋದೆ. ಉಸಿರಿನ ಬಿಸಿ ಎರಡೂ ಕಡೆಯಿಂದ ತಾಗಿತು, ಹಸಿ ಹುಲ್ಲಿನ ವಾಸನೆಯ ಉಸಿರು.

ಅಷ್ಟಾದ ಮೇಲೆ ನನ್ನ ಬಾಯಿ ಮುಚ್ಚಲಿಲ್ಲ. ಆ ದಾರಿಯಲ್ಲಿ ಯಾರೂ ಮಾತಾಡುವುದಿಲ್ಲ. ಕೇಳುವವರಿಲ್ಲದಲ್ಲಿ ಯಾರು ಉಸಿರು ಹಾಳು ಮಾಡಿಕೊಳ್ಳುತ್ತಾರೆ? ನಾನು ಮಾತ್ರ ಹೆದರಿಕೆಗೆ ಮಾತಾಡುತ್ತಲೇ ಹೋದೆ, ಮನೆಯಲ್ಲಿ ಮಾತಾಡುವ ಹಾಗೆ, ಕಾಶವ್ವನ ಕೂಡ. "ಕೋಣ ಸರಿದ್ವು ನೋಡು, ನೀ ಒಂದಿನಾ ಸರೀಲಿಲ್ಲ. ನಾ ಅಂದದ್ದ ಹಿಡಕೊಂಡು ಅಲ್ಲೇ ಕುಂತಿ ಏನು? ನಾ ಎಷ್ಟು ಮಾತು ಅಂದೀನಿ, ಯಾವುದರೆ ಕೇಳೀಯೇನು? ಇದೊಂದ ಮಾತು ಕೇಳ್ತೀಯೇನು? ತಪ್ಪಾತು ನನ್ನದು. ತಪ್ಪಾತು ಕಾಶವ್ವಾ. ಬಾ ಇನ್ನ."

"ಎಷ್ಟು ಒದರ್ತಿ, ವೈನಿ."

ಬಹಳ ಸಣ್ಣಗೆ ಕೇಳಿತು. ನನ್ನ ತಲೆಯೊಳಗಿನದೇ ಎಂದುಕೊಂಡೆ. ಒಂಟಿ ಮನುಷ್ಯರಿಗೆ ಹಾಗೆ ಕೇಳುತ್ತದೆ. ಆದರೂ ಕೇಳಿದೆ, "ಕಾಶವ್ವಾ?"

"ಹೂಂ."

"ಖರೇನ ನೀನು?"

"ಮಾತು ನಿಲ್ಲಸಬ್ಯಾಡ. ನಿಲ್ಲಿಸಿದ್ರ ದೂರ ಆಗ್ತೈತಿ."

ಮೈಯೆಲ್ಲ ಜುಮ್ಮೆಂದು ಹ್ಯಾಂಡಲ್ ಅಲುಗಿತು. ಬೀಳಲಿಲ್ಲ. ಮಾತಾಡಿದೆ. ಬೈಗಳು ಮುಗಿದವು, ಕಣ್ಣೀರೂ ಮುಗಿಯಿತು. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಿಟ್ಟು ಮುಗಿದಿದೆ ಅಂದೆ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ ಅಂದೆ, ಗುರೆಳ್ಳು ಚಟ್ನಿ ಮಾಡುವುದು ಹೇಗೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ನಡುನಡುವೆ ಹೂಂ ಅನ್ನುತ್ತಿದ್ದಳು. ಬಾವಿಯಿಂದ ಕೊಡ ಎಳೆದ ಹಾಗೆ, ಒಂದೊಂದು ಮಾತಿಗೂ ಅವಳ ದನಿ ಒಂದೊಂದು ಗೇಣು ಮೇಲೆ ಬರುತ್ತಿತ್ತು. ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಎಂದು ನಾನು ತಪ್ಪು ಹೇಳಿದಾಗ ಅವಳು ಬಲಗಡೆಯಿಂದ, ಹತ್ತಿರದಿಂದ, ಸ್ಪಷ್ಟವಾಗಿ ತಿದ್ದಿದಳು. ತಿರುವು ತಿರುಗಿದೆ. ಒಂದು ಮೋರಿಯಿತ್ತು. ಮೋರಿಯ ಕೆಳಗಿನ ತಗ್ಗಿನಲ್ಲಿ ಅವಳ ಸೈಕಲ್ ಮಲಗಿತ್ತು. ಅದರಾಚೆ ಮತ್ತಿ ಮರಕ್ಕೆ ಒರಗಿ ಹಸಿರು ಸೀರೆ ಉಟ್ಟ ಕಾಶವ್ವ ಕೂತಿದ್ದಳು.

"ಬ್ರೇಕ್ ಹಿಡಿ! ಎಡಗಾಲು ಊರು!" ಎಂದು ಕೂಗಿದಳು.

ನಾನು ಬ್ರೇಕೂ ಹಿಡಿಯಲಿಲ್ಲ, ಕಾಲೂ ಊರಲಿಲ್ಲ. ಅವಳ ಕಾಲ ಬುಡದಲ್ಲಿ ಸೈಕಲ್ ಸಮೇತ ಬಿದ್ದೆ. ಮೊಣಕಾಲು ಕೆತ್ತಿ ಗರಸು ಒಳಗೆ ಸೇರಿತು. ತೆವಳಿಕೊಂಡು ಹೋಗಿ ಅವಳ ಮುಖ ಮುಟ್ಟಿದೆ. ಬಿಸಿಯಿತ್ತು, ಜ್ವರದ ಬಿಸಿ. ತುಟಿ ಒಡೆದಿದ್ದವು. ಎಡಗಾಲು ಮೊಣಕಾಲಿನ ಕೆಳಗೆ ಊದಿ ಸೊಟ್ಟಗಾಗಿತ್ತು. ಆ ದಾರಿಯಲ್ಲಿ ಎಷ್ಟು ವರ್ಷಗಳಿಂದಲೋ, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಮುಟ್ಟಿದ್ದು ಅದೇ ಮೊದಲಿರಬೇಕು. ಇಬ್ಬರಿಗೂ ಅದು ಗೊತ್ತಿತ್ತು. ಸುಮಾರು ಹೊತ್ತು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸುಮ್ಮನೆ ಅತ್ತೆವು.

ನೀರು ಕುಡಿಸಿದೆ. ಸೋಮವಾರ ಮೋರಿಯ ಮೇಲೆ ಮುಂದಿನ ಗಾಲಿ ಜಾರಿತಂತೆ. ನನ್ನ ಬುತ್ತಿ ಎರಡು ದಿನ ಬಂತಂತೆ. ಸೀರೆಯ ಸೆರಗನ್ನು ಮೋರಿಯ ಒರತೆಗೆ ಇಳಿಬಿಟ್ಟು ಹಿಂಡಿ ಕುಡಿದಿದ್ದಳು.

"ನಿನ್ನ ಹುಡುಕಾಕ ಐದು ಮಂದಿ ಬಂದಿದ್ರು" ಅಂದೆ. "ಒಬ್ಬರರೆ ಗೊತ್ತಾಗಲಿಲ್ಲೇನು?"

"ಯಾರ ಸದ್ದೂ ಇಲ್ಲ. ನಿಂದ ಮೊದಲು ನೊಣದ ಸದ್ದಿನಂಗ ಕೇಳ್ತು. ಆಮ್ಯಾಲೆ ಬೈಗಳ ಅಂತ ಗೊತ್ತಾತು." ನನ್ನ ಕಡೆ ತಿರುಗಿ ಕೇಳಿದಳು, "ಅವರು ಕೂಗಿಲ್ಲೇನು, ವೈನಿ?"

"ಯಾರೂ ಸಿಗೂದಿಲ್ಲ ಅಂತ ಗೊತ್ತಿದ್ದ ಮ್ಯಾಲೆ ಯಾರು ಕೂಗ್ತಾರವ್ವ."

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಪ್ಪನನ್ನು ಹುಡುಕಲೂ ಮಂದಿ ಹೋಗಿದ್ದರು. ಬಾಯಿಯಲ್ಲಿ ನಿಂತು ಮೂರು ದಿನ ಹಲಗೆ ಬಾರಿಸಿದ್ದರು, ಅವ್ವ ಗಂಟಲು ಹರಿಯುವಂತೆ ಹೊರಗಿನಿಂದ ಕೂಗಿದ್ದಳು. ಒಳಗೆ ಹೋದವರು ಬಾಯಿ ಮುಚ್ಚಿಕೊಂಡು ಹೋಗಿ ಬಂದಿದ್ದರು. ಕಾಶವ್ವ ನನ್ನ ಮುಖ ನೋಡಿ ಏನು ಯೋಚಿಸುತ್ತಿದ್ದೇನೆಂದು ತಿಳಿದಳು. ನನ್ನ ಮೊಣಕಾಲಿನ ಗರಸನ್ನು ಒಂದೊಂದಾಗಿ ಉಗುರಿನಿಂದ ಆಯ್ದು ತೆಗೆದಳು.

ಒಣ ಬಿದಿರು ಮುರಿದು, ನನ್ನ ಸೀರೆಯ ಅಂಚು ಹರಿದು, ಅವಳು ಹೇಳಿದ ಹಾಗೆ ಕಾಲಿಗೆ ಕಟ್ಟಿದೆ. ಅವಳು ಹಲ್ಲು ಕಚ್ಚಿ ಮರದ ಚಕ್ಕೆಯನ್ನು ಕೈಯಲ್ಲೇ ಪುಡಿ ಮಾಡಿದಳು. ಅವಳನ್ನು ನನ್ನ ಸೈಕಲ್ಲಿನ ಸೀಟಿನ ಮೇಲೆ ಕೂರಿಸಿದೆ. ನಾನು ತಳ್ಳಿಕೊಂಡು ನಡೆಯಬೇಕು. ನಡೆದವರನ್ನು ದಾರಿ ಹೊಕ್ಕ ಬಾಯಿಗೆ ತಿರುಗಿಸುತ್ತದೆ, ಇಬ್ಬರೂ ಹೊಕ್ಕದ್ದು ಒಂದೇ ಬಾಯಿ. ಅಲ್ಲಿಯ ತನಕ ಲೆಕ್ಕ ಸರಿಯಿತ್ತು. ಆದರೆ ಮುಂದಿನ ತಿರುವು ನಮ್ಮನ್ನು ಮತ್ತೆ ಬೇರೆ ಮಾಡಿದರೆ? ನನ್ನ ಕೈಯಲ್ಲಿ ಬರಿ ಸೈಕಲ್ ಉಳಿದು, ಅವಳು ಕಾಲಿಲ್ಲದೆ ತನ್ನ ಕಾಡಿನಲ್ಲಿ ಬಿದ್ದರೆ?

ಅವಳ ಸೆರಗನ್ನು ನನ್ನ ಸೊಂಟಕ್ಕೆ ಗಂಟು ಹಾಕಿದೆ. "ಮಾತಾಡು" ಅಂದೆ.

"ಏನ ಮಾತಾಡ್ಲಿ?"

"ಬೇಕಾದ್ದು ಮಾತಾಡು. ತಿರುವು ಬಂದಾಗ ಜೋರಾಗಿ ಮಾತಾಡು."

ತಿರುವು ಬಂದಾಗಲೆಲ್ಲ ನಾವು ಹುಚ್ಚಿಯರ ಹಾಗೆ ಒದರಿದೆವು. ಅವಳು ಔಷಧಿಗಳ ಹೆಸರು ಹೇಳಿದಳು, ಊರ ಮಕ್ಕಳ ಹೆಸರು ಹೇಳಿದಳು, ಬಿಟ್ಟು ಬಂದ ಗಂಡನ ಬಗ್ಗೆ ಇಪ್ಪತ್ತೆರಡು ವರ್ಷ ಹೇಳದೆ ಇಟ್ಟುಕೊಂಡದ್ದನ್ನೂ ಹೇಳಿದಳು. ಅವನು ಕೆಟ್ಟವನೇನಲ್ಲವಂತೆ, ಮನೆಯಲ್ಲಿ ಯಾರೂ ಅವಳ ಕೂಡ ಮಾತಾಡುತ್ತಿರಲಿಲ್ಲವಂತೆ, ಅಷ್ಟೇ. ನಾನು ತಳ್ಳುತ್ತಿದ್ದೆ. ಅಂಗೈ ಸುಲಿದಿತ್ತು. ಒಂದು ತಿರುವಿನಲ್ಲಿ ಅವಳು ಜ್ವರಕ್ಕೆ ಕಣ್ಣು ಮುಚ್ಚಿದಳು, ಮಾತು ನಿಂತಿತು. ಆ ಕ್ಷಣವೇ ಸೈಕಲ್ ಹಗುರಾದ ಹಾಗಾಯಿತು. ನಾನು ಕಿರುಚಿಕೊಂಡೆ. ಅವಳು ಬೆಚ್ಚಿ "ಆಂ" ಅಂದಳು, ತೂಕ ಮರಳಿ ಬಂತು. ಅದು ನಿಜವೋ ನನ್ನ ದಣಿವೋ, ಇವತ್ತಿಗೂ ತಿಳಿಯದು. ಆ ಹಗುರವನ್ನು ಮಾತ್ರ ನನ್ನ ಕೈ ಮರೆತಿಲ್ಲ.

ಹೊರಗೆ ಬಂದಾಗ ಸೂರ್ಯ ಮರಗಳ ತುದಿಗೆ ತಾಗಿದ್ದ. ಊರಿನ ಮಂದಿ ಬಾಯಿಯಲ್ಲಿ ನೆರೆದಿದ್ದರು. ಫಕ್ಕೀರಜ್ಜ ಕಲ್ಲಿನ ಒಂದು ತುದಿ ಎತ್ತಿ ಕುಣಿಗೆ ಇಳಿಸುತ್ತಿದ್ದ. ತಿರುವಿನಿಂದ ಮೊದಲು ನಮ್ಮ ಒದರಾಟ ಕೇಳಿರಬೇಕು, ಎಲ್ಲರೂ ಇತ್ತ ತಿರುಗಿದ್ದರು. ಆ ಬಾಯಿಯಿಂದ ಒಬ್ಬೊಬ್ಬರೇ ಬರುವುದನ್ನು ಹುಟ್ಟಿನಿಂದ ನೋಡಿದವರು ಅವರು. ಯಾರೂ ಓಡಿ ಬರಲಿಲ್ಲ.

"ಇಬ್ರು ಅದಾರ" ಅಂದ ಫಕ್ಕೀರಜ್ಜ, ತನಗೆ ತಾನೇ. ಕಲ್ಲು ಅವನ ಕೈಯಿಂದ ಜಾರಿ ಪಕ್ಕಕ್ಕೆ ಬಿತ್ತು. ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಮುದುಕ ತೋಡಿದ ಮಣ್ಣನ್ನು ಕಾಲಿನಿಂದಲೇ ಕುಣಿಗೆ ದೂಡತೊಡಗಿದ. ಆಗ ಎಲ್ಲರೂ ಒಮ್ಮೆಲೆ ಓಡಿ ಬಂದರು.

ಕಾಶವ್ವನ ಕಾಲು ಕೂಡಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಹೆಂಗಸರಿಗೆ ಮಾತ್ರ ಹಾಗಾಗುತ್ತದೆ ಎಂದರು ಕೆಲವರು. ಇಳಿಯಲು ಬಾರದವರಿಗೆ ದಾರಿ ಕರುಣೆ ತೋರಿಸಿತು ಎಂದರು ಕೆಲವರು. ಗಂಡ ಹೆಂಡಿರು, ಅಣ್ಣ ತಮ್ಮಂದಿರು ಜೋಡಿಯಾಗಿ ಒಳಗೆ ಹೋಗಿ ಕೂಗಿ ನೋಡಿದರು. ಯಾರಿಗೂ ಯಾರೂ ಸಿಗಲಿಲ್ಲ. ಒಬ್ಬೊಬ್ಬರಾಗಿಯೇ ಹೊರಗೆ ಬಂದರು, ಗಂಟಲು ಕಟ್ಟಿಸಿಕೊಂಡು. ಆದರೂ ಈಗ ಯಾರೂ ಬಾಯಿ ಮುಚ್ಚಿಕೊಂಡು ಹೋಗುವುದಿಲ್ಲ. ದ್ಯಾಮಣ್ಣ ತನ್ನ ಚೀಲದ ಪತ್ರಗಳ ಮೇಲಿನ ವಿಳಾಸಗಳನ್ನು ದಾರಿಯುದ್ದಕ್ಕೂ ಜೋರಾಗಿ ಓದುತ್ತ ಹೋಗುತ್ತಾನಂತೆ. ಒಮ್ಮೆ ಯಾರೋ ಕೆಮ್ಮಿದ್ದು ಕೇಳಿಸಿತು ಅನ್ನುತ್ತಾನೆ. ಆಮೇಲೆ ಒಂದು ದಿನ ನಾನೂ ಒಬ್ಬಳೇ ನಡೆದು ಹೋದೆ. ದಾಟುವುದಕ್ಕಲ್ಲ. ಅಪ್ಪನ ಹೆಸರು ಹಿಡಿದು ಕೂಗಿಕೊಂಡು ಹೋದೆ. ಉತ್ತರ ಬರಲಿಲ್ಲ. ಬರುತ್ತದೆಂದು ಹೋಗಿರಲಿಲ್ಲ. ಒಳಗೆ ನಿಂತು ಒಬ್ಬರಾದರೂ ಒಂದು ಸಲ ಕೂಗಬೇಕಿತ್ತು, ಕೂಗಿದೆ.

ಕಾಲು ಸರಿಯಾದ ಮೇಲೆ ಮೊದಲ ಸಲ ಔಷಧಿ ತರಲು ಹೊರಟಾಗ ಕಾಶವ್ವ ನನ್ನನ್ನು ಕರೆಯಲಿಲ್ಲ. ನಾನೇ ಸೈಕಲ್ ತಂದು ಅವಳ ಪಕ್ಕ ನಿಲ್ಲಿಸಿದೆ. ಅವಳು ಮುಂದೆ, ನಾನು ಹಿಂದೆ. ಮೊದಲನೇ ತಿರುವಿನಲ್ಲಿ ಅವಳ ಬೆನ್ನು ಇತ್ತು, ತಿರುಗಿದೆ, ಇಲ್ಲ. ಖಾಲಿ ದಾರಿ, ಮಳೆಗೆ ಮೊದಲಿನ ಗಾಳಿ, ಎಲ್ಲೆಲ್ಲೂ ಹೊಸ ಚಿಗುರು. "ಕಾಶವ್ವಾ" ಅಂದೆ. ಸದ್ದಿಲ್ಲ. ಆದರೂ ಮಾತು ಬಿಡಲಿಲ್ಲ. ಮರಗಳ ಮೇಲೆ ಏನು ಕಂಡಿತೋ ಅದನ್ನೆಲ್ಲ ಹೇಳಿದೆ. ಮಂಗಟ್ಟೆ ಹಕ್ಕಿಯ ಜೋಡಿಯೊಂದು ರೆಕ್ಕೆಯಿಂದ ಗರಗಸ ಎಳೆದಂತೆ ಸದ್ದು ಮಾಡುತ್ತ ಹಾರಿದಾಗ, "ನೋಡು, ನೋಡು" ಅಂದೆ. ಹನ್ನೆರಡನೇ ಕಿಲೋಮೀಟರಿನ ಕಲ್ಲಿನ ಹತ್ತಿರ, ನಗು ಬರಲೆಂದು, "ರಾತ್ರಿಯೆಲ್ಲ ಗೊರಕಿ ಹೊಡೀತಿ, ನನಗ ನಿದ್ದಿನ ಇಲ್ಲ" ಎಂದು ಪಿಸುಗುಟ್ಟಿದೆ. ಇಪ್ಪತ್ತನೇ ಕಲ್ಲಿಗೆ ಮಾತು ಮುಗಿದು, ಅತ್ತೆ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಮೆಲ್ಲಗೆ ಹಾಡಿಕೊಂಡೆ. ಕಾಡಿನಲ್ಲಿ ನನ್ನ ಗಾಲಿಯ ಸದ್ದೊಂದೇ ಇತ್ತು.

ಆಚೆ ದಂಡೆಯ ಬೆಳಕು ಕಣ್ಣಿಗೆ ಹೊಡೆಯಿತು. ನನ್ನ ಜೀವಮಾನದಲ್ಲಿ ಮೊದಲ ಸಲ ನೋಡಿದ ಊರು. ಬಾಯಿಯ ಹತ್ತಿರದ ಕಟ್ಟೆಯ ಮೇಲೆ ಕಾಶವ್ವ ಕಾಲು ಚಾಚಿ ಕೂತು ತಂಬಿಗೆಯಿಂದ ನೀರು ಕುಡಿಯುತ್ತಿದ್ದಳು. ಬ್ರೇಕ್ ಹಿಡಿದು ಎಡಗಾಲು ಊರಿದೆ. ಅವಳು ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ಗೊರಕಿ ಹೊಡ್ಯಾಕಿ ನಾನಲ್ಲ. ನೀನು."

ನಾನು ಸೈಕಲ್ ಹಿಡಿದುಕೊಂಡು ಹಾಗೇ ನಿಂತೆ. ಬಿಸಿಲಿನಲ್ಲೂ ತೋಳಿನ ಮೇಲೆ ಮುಳ್ಳು ಎದ್ದವು. ಅವಳು ತಂಬಿಗೆಯಲ್ಲಿ ಉಳಿದ ನೀರನ್ನು ನನ್ನ ಕಡೆಗೆ ಸರಿಸಿದಳು.

"ಮತ್ತ ನಮ್ಮವ್ವನ ಪದದ ಎರಡನೇ ನುಡಿ ತಪ್ಪಿಸಿದಿ" ಅಂದಳು. "ಹೊಳ್ಳಿ ಹೋಗೂಮುಂದ ಸರಿಯಾಗಿ ಹಾಡು. ನಾ ಕೇಳ್ತಿರ್ತೀನಿ."